ಎರಡು ಗಿನಿಯ ಪುಸ್ತಕ, ಒಂದು ಪೆನ್ನಿಯ ಪತ್ರಿಕೆ

ಸಮಾಜವಾದ ಬೋಧಿಸಿ ಶ್ರೀಮಂತರಿಗೆ ಪುಸ್ತಕ ಅಚ್ಚು ಹಾಕಿಕೊಟ್ಟ ಅಂತ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕವಿ, ಮುದ್ರಕ ವಿಲಿಯಂ ಮಾರಿಸ್‌ನನ್ನು ಗೇಲಿ ಮಾಡುವವರಿಗೆ ಇವತ್ತಿಗೂ ಬರವಿಲ್ಲ. ಗೇಲಿಗೆ ಆಧಾರವೂ ಇದೆ. ಅವನ ‘ನ್ಯೂಸ್ ಫ್ರಂ ನೋವೇರ್’ 1890ರಲ್ಲಿ ಧಾರಾವಾಹಿಯಾಗಿ ಬಂದದ್ದು ಒಂದು ಪೆನ್ನಿಯ ‘ಕಾಮನ್‌ವೀಲ್’ ಪತ್ರಿಕೆಯಲ್ಲಿ. ಅದೇ ಕಥೆ ಅವನದೇ ಕೆಲ್ಮ್‌ಸ್ಕಾಟ್ ಪ್ರೆಸ್ಸಿನಿಂದ ಪುಸ್ತಕವಾದಾಗ ಎರಡು ಗಿನಿ, ಅಂದರೆ 42 ಶಿಲಿಂಗ್. ಆಗ ಲಂಡನ್ನಿನಲ್ಲಿ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್‌ಗೆ ಸಿಗುತ್ತಿದ್ದ ವಾರದ ಕೂಲಿ ಸುಮಾರು 38 ಶಿಲಿಂಗ್. ಅದೇ ಪ್ರೆಸ್ಸು 1896ರಲ್ಲಿ ತಂದ, ಹಳೆಯ ಇಂಗ್ಲಿಷ್ ಕವಿ ಚಾಸರ್‌ನ ಕೃತಿಗಳ ಸಂಪುಟಕ್ಕಂತೂ 20 ಪೌಂಡ್.

ಆದರೆ ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಬಿಡಿಸಿ ನೋಡಬೇಕು. ಕೆಂಟ್‌ನ ಬ್ಯಾಚಲರ್ ಕಾರ್ಖಾನೆಯಲ್ಲಿ ನಾರುಬಟ್ಟೆಯ ಚಿಂದಿಯಿಂದ ಕೈಯಲ್ಲೇ ಎತ್ತಿದ ಕಾಗದ, ಜರ್ಮನಿಯ ಹ್ಯಾನೋವರ್‌ನಿಂದ ತರಿಸಿದ ಮಸಿ, ಆಲ್ಬಿಯನ್ ಕೈಪ್ರೆಸ್ಸು. ಇಂಥ ಕಾಗದವನ್ನು ಒಣದಾಗಿ ಪ್ರೆಸ್ಸಿಗೆ ಕೊಟ್ಟರೆ ಮಸಿ ಸರಿಯಾಗಿ ಕೂರುವುದಿಲ್ಲ. ಕೂರಲಿ ಅಂತ ಒತ್ತಡ ಹೆಚ್ಚಿಸಿದರೆ ಅಚ್ಚುಮೊಳೆ ಸವೆಯುತ್ತದೆ. ಅದಕ್ಕೇ ಹಾಳೆಗಳನ್ನು ಮೊದಲೇ ನೆನೆಸಿ, ಒಂದರ ಮೇಲೊಂದು ಪೇರಿಸಿ, ಭಾರ ಹೇರಿ, ತೇವ ಎಲ್ಲ ಕಡೆ ಸಮನಾಗಿ ಹರಡುವವರೆಗೆ ಬಿಡುತ್ತಾರೆ. ತೇವ ಹೆಚ್ಚಾದರೆ ಅಕ್ಷರದ ಅಂಚು ಕದಡುತ್ತದೆ. ಒಂದು ಮಗ್ಗುಲು ಅಚ್ಚಾಗಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಹಾಳೆ ಒಣಗಿ ಕುಗ್ಗಿದರೆ ಹಿಂದು ಮುಂದಿನ ಸಾಲುಗಳು ಹೊಂದುವುದಿಲ್ಲ. ಆತುರದ ಆಸಾಮಿಗಳ ಕೆಲಸ ಅಲ್ಲ ಬಿಡಿ.

ನನ್ನ ತಕರಾರು ಇರುವುದು ಮಸಿಯ ವಿಷಯದಲ್ಲಿ. ದುಡಿಮೆಯಲ್ಲಿ ಸುಖ ಇರಬೇಕು ಅಂದವನು ಮಾರಿಸ್. ಅವನು ಆರಿಸಿಕೊಂಡ ಮಸಿಯಾದರೋ ಎಷ್ಟು ಗಟ್ಟಿ ಎಂದರೆ ಅದನ್ನು ಹರಡುವಷ್ಟರಲ್ಲಿ ಕೆಲಸಗಾರರ ತೋಳು ಸೋಲುತ್ತಿತ್ತು. ಅವರು ಗೊಣಗಿದ್ದೂ ಉಂಟು. ಪುಟದ ಕಪ್ಪು ಗೆದ್ದಿತು, ತೋಳಿನ ಸುಖ ಸೋತಿತು. ಇನ್ನು ಮಾರಿಸ್ ಯಂತ್ರದ್ವೇಷಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1470ರ ದಶಕದ ವೆನಿಸ್‌ನ ಮುದ್ರಕ ಜೆನ್ಸನ್‌ನ ಅಕ್ಷರಗಳನ್ನು ಗೆಳೆಯ ಎಮರಿ ವಾಕರ್ ಕ್ಯಾಮೆರಾದಲ್ಲಿ ಹಿಗ್ಗಿಸಿಕೊಟ್ಟದ್ದರಿಂದಲೇ ‘ಗೋಲ್ಡನ್’ ಮೊಳೆ , ಅಂದರೆ ಮಾರಿಸ್‌ನ ಅಕ್ಷರ ವಿನ್ಯಾಸ, ಹುಟ್ಟಿದ್ದು.

ಅವನ ಪಾಠದಲ್ಲಿ ದುಬಾರಿಯಲ್ಲದ ಭಾಗವೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಎದುರುಬದುರಿನ ಎರಡು ಪುಟ ಸೇರಿ ಒಂದು ಘಟಕ. ಮಾರ್ಜಿನ್ ಬೆನ್ನಿನ ಕಡೆ ಎಲ್ಲಕ್ಕಿಂತ ಕಿರಿದು, ಆಮೇಲೆ ತಲೆ, ಹೊರಬದಿ, ಬುಡ. ಒಂದಕ್ಕಿಂತ ಇನ್ನೊಂದು ಶೇ. 20ರಷ್ಟು ಅಗಲ. ಬೆನ್ನಿಗೆ 15 ಮಿಲಿಮೀಟರ್ ಬಿಟ್ಟರೆ ಉಳಿದವು 18, 21.6, ಸುಮಾರು 26. ಪದಗಳ ನಡುವೆ ಬಿಡಿಸಿ ಓದಲು ಬೇಕಾದಷ್ಟೇ ಜಾಗ. ಹೆಚ್ಚಾದರೆ ಪುಟದ ಉದ್ದಕ್ಕೂ ಬಿಳಿ ಹಳ್ಳ ಹರಿಯುತ್ತದೆ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಯಾವ ಡಿಟಿಪಿಯಲ್ಲೂ ಇಷ್ಟನ್ನು ಮಾಡಬಹುದು. ಆದರೆ ಬರೀ ಗೋಂದು ಹಚ್ಚುವ ಪರ್ಫೆಕ್ಟ್ ಬೈಂಡಿಂಗ್ ಆದರೆ ಬೆನ್ನಿನ ಕಡೆ ಇನ್ನಷ್ಟು ಬಿಡಿ, ಪುಸ್ತಕ ಪೂರ್ತಿ ತೆರೆಯದೆ ಸಾಲಿನ ತುದಿ ಒಳಗೆ ಸಿಕ್ಕಿಕೊಳ್ಳುತ್ತದೆ. ಸಾಲುಗಳ ನಡುವೆ ಲೆಡ್ (ಅಂತರ ಬಿಡಲು ಇಡುವ ಲೋಹದ ಪಟ್ಟಿ) ಹಾಕಬೇಡಿ ಎನ್ನುವ ಅವನ ಹಟವನ್ನಂತೂ ಕನ್ನಡಕ್ಕೆ ತರಲೇಬೇಡಿ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ.