ಅರೋಬಾಕ್ಕೆ ಎಷ್ಟು ಕಿಲೋ? ಮೊದಲು ಊರು ಹೇಳಿ

ಅರೋಬಾ ಅಂದರೆ ಸ್ಪೇನ್, ಪೋರ್ಚುಗಲ್ ಕಡೆಯ ಹಳೆಯ ತೂಕ. ಅದು ಎಷ್ಟು ಕಿಲೋ ಅಂತ ಕೇಳಿದ ತಕ್ಷಣ ಒಂದೇ ಸಂಖ್ಯೆ ಹೇಳಿಬಿಡುವವರ ಹತ್ತಿರ ವ್ಯಾಪಾರ ಇಟ್ಟುಕೊಳ್ಳಬೇಡಿ. ಸ್ಪೇನಿನ ಕ್ಯಾಸ್ಟೀಲಿನಲ್ಲಿ ಅದು 25 ಲಿಬ್ರಾ (ಅಲ್ಲಿನ ಹಳೆಯ ಪೌಂಡು), ಅಂದರೆ ಹನ್ನೊಂದೂವರೆ ಕಿಲೋ. ಪಕ್ಕದ ಅರಗಾನಿನಲ್ಲಿ 36 ಲಿಬ್ರಾ. ಆದರೆ ಅಲ್ಲಿನ ಲಿಬ್ರಾ ಬಡಕಲು, ಎಲ್ಲ ಕೂಡಿಸಿದರೂ ಹನ್ನೆರಡೂವರೆ ಕಿಲೋ ಆಸುಪಾಸು. ಕತಲೋನಿಯಾದಲ್ಲಿ 26 ಲಿಬ್ರಾ, 10.4 ಕಿಲೋ. ಪೋರ್ಚುಗಲ್ಲಿನಲ್ಲಿ 32 ಅರಾತೆಲ್ (ಅವರ ಪೌಂಡು), ಹತ್ತಿರ ಹತ್ತಿರ 14.7 ಕಿಲೋ. ಎಲ್ಲರೂ ಎದೆ ತಟ್ಟಿ ಹೇಳುವುದು ಮಾತ್ರ ಒಂದೇ: ಇದು ಕ್ವಿಂಟಾಲಿನ ಕಾಲುಭಾಗ. ಕ್ವಿಂಟಾಲ್ ಎಷ್ಟಪ್ಪಾ ಅಂತ ಮಾತ್ರ ಕೇಳಬಾರದು. ನಮ್ಮ ಎಪಿಎಂಸಿಯ ನೂರು ಕಿಲೋ ಕ್ವಿಂಟಾಲನ್ನು ನಾಲ್ಕರಿಂದ ಭಾಗಿಸಿದರೆ ಬರುವ 25 ಕಿಲೋದ ಅರೋಬಾ ಈ ಯಾವ ಊರಲ್ಲೂ ಇಲ್ಲ.

ಇಷ್ಟು ಸಾಲದು ಅಂತ ದ್ರವಕ್ಕೂ ಅದೇ ಹೆಸರು. ಕ್ಯಾಸ್ಟೀಲಿನಲ್ಲಿ ವೈನಿನ ಅರೋಬಾ 16.13 ಲೀಟರ್, ಎಣ್ಣೆಯದು 12.56 ಲೀಟರ್. ಎಣ್ಣೆಯವನು ಮೋಸಗಾರ ಅಂತ ಜಗಳಕ್ಕೆ ನಿಲ್ಲುವ ಮೊದಲು ಸ್ವಲ್ಪ ಗುಣಿಸಿ. ಆಲಿವ್ ಎಣ್ಣೆ ಲೀಟರಿಗೆ ಸುಮಾರು 916 ಗ್ರಾಂ ತೂಗುತ್ತದೆ, 12.56 ಲೀಟರ್ ಅಂದರೆ ಸರಿಯಾಗಿ ಹನ್ನೊಂದೂವರೆ ಕಿಲೋ. ಎಣ್ಣೆಯವನು ತೂಕಕ್ಕೆ ನಿಷ್ಠ, ವೈನಿನವನು ಪಾತ್ರೆಗೆ ನಿಷ್ಠ. ಅನಾಹುತ ಆಗುವುದು ವೈನಿನ ಅಳತೆ ಪಾತ್ರೆಯಲ್ಲಿ ಎಣ್ಣೆ ಅಳೆದಾಗ: ಒಂದೊಂದು ಸಲ ತುಂಬಿದಾಗಲೂ ಮೂರೂವರೆ ಲೀಟರಿಗಿಂತ ಹೆಚ್ಚು ಎಣ್ಣೆ ಗಿರಾಕಿಯ ಮನೆಗೆ ಬಿಟ್ಟಿ ಹೋಗುತ್ತದೆ. ಗಿರಾಕಿ ಈ ತಪ್ಪನ್ನು ಎತ್ತಿ ತೋರಿಸಿದ ಅಂತ ಯಾರೂ ಹೇಳುವುದಿಲ್ಲ.

ಸ್ಪೇನ್ 1849ರಲ್ಲೇ ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿತು. ಆದರೂ ಓಕ್ ಮರಗಳಡಿ ಮೇಯುವ ಇಬೇರಿಯನ್ ಹಂದಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅವುಗಳ ಹ್ಯಾಮ್‌ಗೆ ಸಂಬಂಧಿಸಿದ 2014ರ ಸರ್ಕಾರಿ ನಿಯಮ ಓದಿ ನೋಡಿ. ಓಕ್ ಕಾಯಿ ಮೇಯಲು ಬಿಡುವಾಗ ಹಿಂಡಿನ ಸರಾಸರಿ ತೂಕ 92ರಿಂದ 115 ಕಿಲೋ ಇರಬೇಕು, ಮೇಯ್ದು ಕನಿಷ್ಠ 46 ಕಿಲೋ ಕೂಡಿಸಿಕೊಳ್ಳಬೇಕು. ಈ 92, 46 ಎಲ್ಲಿಂದ ಬಂದವು ಅಂತ ತಲೆ ಕೆರೆದುಕೊಳ್ಳಬೇಡಿ. ಹನ್ನೊಂದೂವರೆಯಿಂದ ಭಾಗಿಸಿ: ಎಂಟರಿಂದ ಹತ್ತು ಅರೋಬಾ, ಮೇಲೆ ನಾಲ್ಕು. ಕಾನೂನು ಕಿಲೋದ ಅಂಗಿ ತೊಟ್ಟಿದೆ, ಒಳಗಿರುವುದು ಹಳೆಯ ಆಸಾಮಿಯೇ.

ಬ್ರೆಜಿಲ್ಲಿನವರು ಇನ್ನೂ ಜಾಣರು. ಪೋರ್ಚುಗೀಸರ 14.7 ಅನ್ನು ಉರುಟಾಗಿ 15 ಕಿಲೋ ಮಾಡಿಕೊಂಡು ಇವತ್ತಿಗೂ ದನದ ದರವನ್ನು ಅರೋಬಾದಲ್ಲೇ ಹೇಳುತ್ತಾರೆ. ಹೊಸಬರು ಗುಂಡಿಗೆ ಬೀಳುವುದು ಇಲ್ಲೇ. 540 ಕಿಲೋದ ಹೋರಿ, ಹದಿನೈದರಿಂದ ಭಾಗಿಸಿದರೆ 36 ಅರೋಬಾ ಅಂತ ಮನಸ್ಸಿನಲ್ಲೇ ದುಡ್ಡು ಎಣಿಸಲು ಶುರು. ಆದರೆ ಆ ದರ ನಿಂತ ಹೋರಿಗಲ್ಲ. ತಲೆ, ಚರ್ಮ, ಗೊರಸು, ಕರುಳು ಎಲ್ಲ ತೆಗೆದು ಕೊಕ್ಕೆಗೆ ನೇತುಹಾಕಿದ ಮೇಲಿನ ತೂಕಕ್ಕೆ. ಅರ್ಧ ಅಂತ ಹಿಡಿದರೆ 18 ಅರೋಬಾ. ನೂರಕ್ಕೆ 54 ಇಳುವರಿ ಬಂದರೆ ಹತ್ತೊಂಬತ್ತೂವರೆಗೆ ಕೂದಲೆಳೆ ಕಡಿಮೆ. ಆದ್ದರಿಂದ ದೊಡ್ಡಿಯಲ್ಲಿ ನಿಂತು ಲೆಕ್ಕ ಹಾಕುವವರು ಹದಿನೈದರ ಬದಲು ಮೂವತ್ತರಿಂದ ಭಾಗಿಸುತ್ತಾರೆ.

ಅಲ್ಲೂ ತಕರಾರಿಗೆ ಜಾಗ ಇದೆ. ಹೊಟ್ಟೆ ತುಂಬ ಮೇವು, ನೀರು ಕೊಟ್ಟು ತಕ್ಕಡಿ ಹತ್ತಿಸಿದರೆ ಜೀವಂತ ತೂಕ ಏರುತ್ತದೆ, ಕೊಕ್ಕೆಯಲ್ಲಿ ಇಳುವರಿಯ ಪಾಲು ಇಳಿಯುತ್ತದೆ. ಮಾರುವವನು ಕಸಾಯಿಖಾನೆಯವನನ್ನು ಬೈಯುತ್ತಾನೆ. ಮೇವು ಬಿಡಿಸಿ ಒಂದು ರಾತ್ರಿ ಕಳೆದ ಮೇಲೆ ತೂಗಿದ್ದರೆ ಈ ರಾದ್ಧಾಂತ ಅರ್ಧಕ್ಕರ್ಧ ತಪ್ಪುತ್ತಿತ್ತು. ಇನ್ನರ್ಧ, ತೂಗುವ ಮೊದಲೇ ಎಷ್ಟು ಕೊಬ್ಬು ಕೆತ್ತಿ ತೆಗೆದರು ಅನ್ನುವುದರಲ್ಲಿದೆ.

ಕಿಲೋ ಬ್ರೆಜಿಲ್ಲಿನಲ್ಲಿ ಸುಲಭಕ್ಕೆ ಮನೆ ಸೇರಲಿಲ್ಲ ಅನ್ನುವುದನ್ನೂ ಹೇಳಬೇಕು. 1862ರಲ್ಲಿ ಕಾನೂನು ಬಂತು, ಹತ್ತು ವರ್ಷ ಗಡುವು ಕೊಟ್ಟರು. 1874ರಲ್ಲಿ ಈಶಾನ್ಯ ಬ್ರೆಜಿಲ್ಲಿನ ಜನ ಸಂತೆಗಳಿಗೆ ನುಗ್ಗಿ ಹೊಸ ತೂಕದ ಕಲ್ಲುಗಳನ್ನು ಒಡೆದು ಹಾಕಿದರು, ತೆರಿಗೆ ಕಾಗದಗಳಿಗೆ ಬೆಂಕಿ ಇಟ್ಟರು. ಆ ದಂಗೆಗೆ ‘ಕಿಲೋ ಒಡೆಯುವವರು’ ಅಂತಲೇ ಹೆಸರು. ಸಿಟ್ಟು ಕಿಲೋದ ಮೇಲಷ್ಟೇ ಅಲ್ಲ, ತೆರಿಗೆಯ ಮೇಲೂ ಇತ್ತು; ಆದರೆ ಕೈಗೆ ಸಿಕ್ಕಿದ್ದು ಪಾಪ ಕಿಲೋ. ಪಕ್ಕಾ ಸೇರು, ಕಚ್ಚಾ ಸೇರು ಎರಡನ್ನೂ ಅಂಗಡಿಯಲ್ಲಿ ಇಟ್ಟುಕೊಂಡು ಬಾಳಿದ ನಮ್ಮವರಿಗೆ ಆ ಸಿಟ್ಟು ಅರ್ಥವಾಗದ್ದೇನಲ್ಲ.

ಚಿಕ್ಕಮಗಳೂರು, ಕೊಡಗಿನ ತೋಟದವರಿಗೂ ಈ ಅರೋಬಾ ಗೊತ್ತಿಲ್ಲದೆ ತಗಲಿಕೊಂಡಿದೆ. ಬ್ರೆಜಿಲ್ಲಿನಲ್ಲಿ ಇಷ್ಟು ಕೋಟಿ ಮೂಟೆ ಕಾಫಿ ಅಂತ ಪತ್ರಿಕೆಯಲ್ಲಿ ಓದಿ, ನಮ್ಮ ಮೂಟೆ ಲೆಕ್ಕದಲ್ಲಿ ದರ ಊಹಿಸಿದರೆ ಎರಡು ಕಡೆ ಎಡವುತ್ತೀರಿ. ಅಲ್ಲಿನ ಮೂಟೆ 60 ಕಿಲೋ, ಅಂದರೆ ಸರಿಯಾಗಿ ನಾಲ್ಕು ಅರೋಬಾ, ಅದೂ ಸಿಪ್ಪೆ ಬಿಡಿಸಿದ ಬೀಜ. ನಮ್ಮದು 50 ಕಿಲೋ, ಪಾರ್ಚ್‌ಮೆಂಟ್ ಸಿಪ್ಪೆ ಸಮೇತ. ಔಟರ್ನ್, ಅಂದರೆ ಸಿಪ್ಪೆ ಬಿಡಿಸಿದ ಮೇಲೆ ಸಿಗುವ ಬೀಜ, ನೂರಕ್ಕೆ 80 ಸಿಕ್ಕರೆ ಅವರ ಒಂದು ಮೂಟೆ ತುಂಬಲು ನಮ್ಮ ಒಂದೂವರೆ ಮೂಟೆ ಬೇಕು. ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರಿ ಆದರೆ ಅರ್ಧದಷ್ಟೇ ಬೀಜ, ಎರಡು ಮೂಟೆ ಸುರಿದರೂ ಇನ್ನೂ ಹತ್ತು ಕಿಲೋ ಬಾಕಿ.