ಡಬ್ಬಿ ಏರಿದ ಸಿಂಥೆಟಿಕ್

ಸೀರೆ ಅಂಗಡಿಯಲ್ಲಿ ‘ಇದು ಸಿಂಥೆಟಿಕ್’ ಎಂದ ಕೂಡಲೇ ಕೊಳ್ಳುವವರ ಕೈ ಸೆರಗಿನಿಂದ ಹಿಂದೆ ಸರಿಯುತ್ತದೆ. ಬೈಕನ್ನು ಸರ್ವೀಸಿಗೆ ಬಿಟ್ಟ ದಿನ ಮೆಕ್ಯಾನಿಕ್ ಎಂಜಿನ್ ಆಯಿಲ್ ಬಗ್ಗೆ ಅದೇ ಮಾತು ಹೇಳಿದರೆ ನಾವು ಗೌರವದಿಂದ ತಲೆಯಾಡಿಸಿ ಹೆಚ್ಚಿನ ಹಣ ತೆರುತ್ತೇವೆ. ರೇಷ್ಮೆಯ ಪಕ್ಕದಲ್ಲಿ ತಲೆತಗ್ಗಿಸಿ ನಿಲ್ಲುವ ಪದವೊಂದು ಆಯಿಲ್ ಡಬ್ಬಿಯ ಮೇಲೇರಿದೊಡನೆ ಜರತಾರಿ ಉಟ್ಟದ್ದು ಹೇಗೆ ಎಂಬುದು ನನ್ನ ಬಹುದಿನದ ಕುತೂಹಲ.

ಹುಟ್ಟಿನಲ್ಲಿ ಈ ಆಯಿಲ್ ಬಡತನದ ಕೂಸು. ಎರಡನೆಯ ಮಹಾಯುದ್ಧದಲ್ಲಿ ಕಚ್ಚಾ ತೈಲದ ಕೊರತೆಯಿದ್ದ ಜರ್ಮನಿಯ ರಸಾಯನ ವಿಜ್ಞಾನಿಗಳು, ಕೊರೆಯುವ ಚಳಿಯಲ್ಲೂ ಹೆಪ್ಪುಗಟ್ಟದ ಎಣ್ಣೆಯನ್ನು ಕಾರ್ಖಾನೆಯಲ್ಲಿಯೇ ಕಟ್ಟಲು ಹೊರಟರು. ಮುಂದೆ ಜೆಟ್ ವಿಮಾನಗಳಿಗೂ ಇಂಥದ್ದೇ ಬೇಕಾಯಿತು. 1970ರ ದಶಕದಲ್ಲಿ ಆಮ್ಸಾಯಿಲ್, ಮೊಬಿಲ್ 1 ಮುಂತಾದ ಹೆಸರುಗಳೊಂದಿಗೆ ಅದು ಕಾರುಗಳಿಗೆ ಇಳಿಯಿತು. ಮೊಬಿಲ್ 1ರ ಬಗೆಯದರ ಮೂಲ ದ್ರವ್ಯ ಎಥಿಲೀನ್ ಅನಿಲ. ಅದರ ಅಣುಗಳನ್ನು ಜೋಡಿಸಿದರೆ ಡೆಸೀನ್ ಎಂಬ ದ್ರವ, ಡೆಸೀನನ್ನು ಮತ್ತೆ ಜೋಡಿಸಿದರೆ ಪಾಲಿ ಆಲ್ಫಾ ಓಲಿಫಿನ್ ಎಂಬ ಈ ಎಣ್ಣೆ. ಸಾಮಾನ್ಯ ಖನಿಜ ತೈಲ ಸಂತೆಯ ಜನರಂತೆ ನಾನಾ ಗಾತ್ರದ ಅಣುಗಳ ಗುಂಪು, ಜೊತೆಗೆ ಚಳಿಗೆ ಗಟ್ಟಿಯಾಗುವ ಮೇಣ ಬೇರೆ. ಇದರಲ್ಲಾದರೋ ಅಣುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹಾಗೆಂದು ಕುಲ ಬೇರೆಯಲ್ಲ: ಆ ಎಥಿಲೀನ್ ಕೂಡ ಬಹುಪಾಲು ನೆಲದಡಿಯ ತೈಲ ಮತ್ತು ಅನಿಲಗಳಿಂದಲೇ ಬರುವುದು.

ಸಿಂಥೆಟಿಕ್ ಎಂಬ ಪದದ ಅರ್ಥ ಜಾರಿದ್ದು 1990ರ ದಶಕದ ಕೊನೆಯಲ್ಲಿ. ಕಚ್ಚಾ ತೈಲದಿಂದ ಬಂದ ಮೂಲ ಎಣ್ಣೆಯನ್ನೇ ಭಾರಿ ಒತ್ತಡದಲ್ಲಿ, ಹೆಚ್ಚಿನ ಉಷ್ಣತೆಯಲ್ಲಿ ಹೈಡ್ರೋಜನ್ ಹಾಯಿಸಿ ಮರುರೂಪಿಸಿದರೆ ಗ್ರೂಪ್ 3 ಎಂಬ ಉತ್ತಮ ಎಣ್ಣೆ ಸಿಗುತ್ತದೆ. ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಆಯಿಲಿಗೆ ಅದನ್ನು ಬಳಸಿಯೂ ಸಿಂಥೆಟಿಕ್ ಎಂದೇ ಮಾರಿದಾಗ ಮೊಬಿಲ್ ಕಂಪನಿ ಅಮೆರಿಕದ ಜಾಹೀರಾತು ಪರಿಶೀಲನಾ ಸಂಸ್ಥೆಯ ಮೊರೆಹೊಕ್ಕಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಕಡೆಗೆ ವಾಲಿತು. ಅಲ್ಲಿಂದಾಚೆಗೆ ‘ಫುಲ್ಲಿ ಸಿಂಥೆಟಿಕ್’ ಎಂಬ ಬರಹ ಒಳಗಿನ ಎಣ್ಣೆಯ ಹುಟ್ಟನ್ನು ತಿಳಿಸುವ ಹೊಣೆಯಿಂದ ಬಹುಮಟ್ಟಿಗೆ ಪಾರಾಯಿತು. ನನ್ನ ಮಟ್ಟಿಗೆ ಇದು ಮೋಸವೇನಲ್ಲ, ಗ್ರೂಪ್ 3 ಒಳ್ಳೆಯ ಎಣ್ಣೆಯೇ. ಆದರೆ ತುಪ್ಪದ ಡಬ್ಬಿಯಲ್ಲಿ ಇಂಥ ಸಡಿಲ ನಡೆದಿದ್ದರೆ ನಮ್ಮ ಮನೆಗಳಲ್ಲಿ ರಂಪವಾಗುತ್ತಿತ್ತು. ಇನ್ನು ಸಾಮಾನ್ಯ ಎಣ್ಣೆ ಬೆರೆತ ‘ಸೆಮಿ ಸಿಂಥೆಟಿಕ್’ ಎಂಬುದು ಹಾಲಿಗೆ ನೀರೋ ನೀರಿಗೆ ಹಾಲೋ ಎಂದು ಡಬ್ಬಿಯನ್ನು ಎಷ್ಟು ತಿರುಗಿಸಿದರೂ ಕಾಣುವುದಿಲ್ಲ. ತಮಾಷೆಯೆಂದರೆ, ಕ್ಯಾಸ್ಟ್ರಾಲ್ ಎಂಬ ಹೆಸರೇ ಬಂದದ್ದು ಕ್ಯಾಸ್ಟರ್ ಆಯಿಲಿನಿಂದ, ಅಂದರೆ ಬಾಲ್ಯದಲ್ಲಿ ಮೂಗು ಹಿಡಿದು ನಮಗೆ ಕುಡಿಸುತ್ತಿದ್ದ ಹರಳೆಣ್ಣೆಯಿಂದ.

ಮೊನ್ನೆ ಗ್ಯಾರೇಜಿನಲ್ಲಿ ಬೈಕಿನ ಅಡಿಯ ಬೋಲ್ಟ್ ಬಿಚ್ಚಿದಾಗ ಹಳೆಯ ಆಯಿಲ್ ಕಾಕಂಬಿಯಂತೆ ತಟ್ಟೆಗೆ ಇಳಿಯಿತು. ಹೊಸದು ಜೇನಿನ ಬಣ್ಣದ್ದು. ಡಬ್ಬಿಯ ಮೇಲೆ ಎಣ್ಣೆ ಎಷ್ಟು ಮಂದವೆಂದು ಹೇಳುವ ದರ್ಜೆ, 10ಡಬ್ಲ್ಯೂ-30. ಆ ಡಬ್ಲ್ಯೂ ‘ವಿಂಟರ್’, ಅಂದರೆ ಚಳಿಗಾಲದ ಗುರುತು. ಬಿಸಿಲಿಗೆ ಬೆವರುತ್ತಿದ್ದ ಮೆಕ್ಯಾನಿಕ್ ಕೊನೆಯ ಹನಿಯವರೆಗೂ ಸುರಿದು, ಖಾಲಿ ಡಬ್ಬಿಯನ್ನು ನೆಲಕ್ಕೊತ್ತಿ ಸ್ಕ್ರೂಡ್ರೈವರಿನಿಂದ ಎರಡು ಕಡೆ ತೂತು ಮಾಡಿದ. ಯಾಕೆಂದು ಕೇಳಿದೆ.

“ಹಾಗೇ ಬಿಟ್ಟರೆ ಇದರಲ್ಲಿ ಇನ್ನೇನೋ ತುಂಬಿ ಮಾರ್ತಾರೆ ಸಾರ್” ಎಂದ.