ಇದ್ಕೆ ಯಾವ ನಾಲೆ ನೀರು?

ಮಂಡ್ಯದ ನಮ್ಮ ಭಾವನಿಗೆ ಅದು ಮೊದಲ ವಿಮಾನಯಾನ. ಮದುವೆಯೊಂದಕ್ಕೆ ದೆಹಲಿಗೆ ಹೊರಟಿದ್ದೆವು. ಬೆಂಗಳೂರು ಏರ್‌ಪೋರ್ಟಿನ ಟರ್ಮಿನಲ್ 2ರೊಳಗೆ ತಲೆ ಎತ್ತಿ ನಿಂತವನು ನಿಂತೇ ಬಿಟ್ಟ. ಮೇಲೆಲ್ಲಾ ಬಿದಿರು. ಅಲ್ಲಿಂದ ಗಂಟೆಗಳ ಹಾಗೆ ಇಳಿಬಿಟ್ಟ ಹಸಿರು.

"ತೋಟಾನೇ ನೇತಾಕವ್ರಲ್ಲೋ! ಇದ್ಕೆ ಯಾವ ನಾಲೆ ನೀರು?"

2022ರಲ್ಲಿ ಉದ್ಘಾಟನೆಯಾದ, ಸುಮಾರು 5000 ಕೋಟಿಯ 'ಉದ್ಯಾನದೊಳಗಿನ ಟರ್ಮಿನಲ್' ಇದು ಎಂದೆ. ಭಾವ ಮತ್ತೊಮ್ಮೆ ಮೇಲೆ ನೋಡಿದ.

ಈಗ ಏರ್‌ಪೋರ್ಟ್ ನಮ್ಮನ್ನು ಊರು ಮುಟ್ಟಿಸಿದರೆ ಸಾಲದು, ಮನಸ್ಸಿಗೆ ನೆಮ್ಮದಿಯನ್ನೂ ಕೊಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಿಂದಲೇ ಯೋಗದ ಕೋಣೆ ಇದೆ. ತಲೆ ಸವರಿ ಸಮಾಧಾನ ಮಾಡಿಕೊಳ್ಳಲು ನಾಯಿಗಳಿವೆ, ಒಂದು ಹಂದಿಯೂ ಇತ್ತು. ಸಿಂಗಪುರದಲ್ಲಿ 40 ಮೀಟರ್ ಎತ್ತರದ ಜಲಪಾತ. ಗಂಟೆಗಟ್ಟಲೆ ಮುಂಚೆ ಬಾ, ಬೆಲ್ಟ್ ಬಿಚ್ಚು, ನೀರು ಚೆಲ್ಲು ಅಂತ ಬಿಪಿ ಏರಿಸುವವರೂ ಇವರೇ, ಇಳಿಸುವವರೂ ಇವರೇ.

ಇನ್ನು ಕಾರ್ಬನ್ ಲೆಕ್ಕ. ಏರ್‌ಪೋರ್ಟು 'ಕಾರ್ಬನ್ ನ್ಯೂಟ್ರಲ್', ಅಂದರೆ ಬಿಟ್ಟ ಹೊಗೆಯನ್ನೆಲ್ಲ ಸರಿದೂಗಿಸಿದ್ದೇವೆ ಎಂದಾಗ, ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಕಟ್ಟಡದ ಕರೆಂಟು, ಅವರದೇ ಗಾಡಿಗಳ ಡೀಸೆಲ್ಲು, ಇಂಥವಷ್ಟೇ. ಆಕಾಶದಲ್ಲಿ ವಿಮಾನ ಬಿಡುವ ಹೊಗೆ ಆ ಲೆಕ್ಕಕ್ಕೆ ಬರುವುದಿಲ್ಲ. ಬೋಂಡಾ ಅಂಗಡಿಯವನು "ನಮ್ಮಲ್ಲಿ ಎಣ್ಣೆ ಕಮ್ಮಿ ಸಾರ್, ಬೋಂಡಾ ಒಂದು ಬಿಟ್ಟು" ಅಂದ ಹಾಗೆ.

ನನ್ನ ಕೇಳಿದರೆ ಬಹುಮಾನವೆಲ್ಲ ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿಗೇ ಸಿಗಬೇಕು. ದೊಡ್ಡ ಏರ್‌ಪೋರ್ಟುಗಳು ಮೈಕಿನ ಗಲಾಟೆ ನಿಲ್ಲಿಸಿ 'ಸೈಲೆಂಟ್' ಅಂತ ಹೆಸರು ತಗೊಳ್ಳುತ್ತಿವೆ. ನಮ್ಮಲ್ಲಿ ಕೂಗಿ ಹೇಳುವುದಕ್ಕೇ ಜಾಸ್ತಿ ಏನಿಲ್ಲ. ನಡೆದು ನಡೆದು ಕಾಲು ನೋಯುವ ಮಾತೇ ಇಲ್ಲ. ಬಾಯಿಗೆ ಹಾಕಿದ ಮೈಸೂರ್‌ಪಾಕ್ ಕರಗುವುದರೊಳಗೆ ಗೇಟು. ರನ್‌ವೇ 1740 ಮೀಟರ್, ಚಿಕ್ಕ ಎಟಿಆರ್ ವಿಮಾನಕ್ಕಷ್ಟೇ ಸರಿ. ಉದ್ದ ಮಾಡೋಣ ಎಂದರೆ ನಂಜನಗೂಡು ಹೆದ್ದಾರಿ ಅಡ್ಡ. ಹದಿನೈದು ವರ್ಷದಿಂದ ಬಂದ ಮಂತ್ರಿಗಳೆಲ್ಲ ಅದನ್ನು ಉದ್ದ ಮಾಡಿದ್ದಾರೆ, ಭಾಷಣದಲ್ಲಿ. ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು. ಇದಕ್ಕಿಂತ ಪರಿಸರಸ್ನೇಹಿ ಏರ್‌ಪೋರ್ಟ್ ಬೇಕಾ? ಸುಮ್ನೆ ಬಿದಿರಿಗೆ ದುಡ್ಡು ಸುರಿಯುತ್ತಾರೆ.

ಹಾಗಾಗಿ ನೆಮ್ಮದಿ ಬೇಕಾದ ಮೈಸೂರಿನವರು ಮೊದಲು ಬೆಂಗಳೂರು ಏರ್‌ಪೋರ್ಟಿಗೆ ನಾಲ್ಕೈದು ಗಂಟೆ ಬಸ್ಸಿನಲ್ಲಿ ಕೂರಬೇಕು. ವಾಪಸ್ ಬರುವಾಗಲೂ ಅದೇ ಬಸ್ಸು, ಅದೇ ಹತ್ತು ಪಥದ ಹೆದ್ದಾರಿ. ಎರಡೂ ಕಡೆ ತಂತಿ ಬೇಲಿ, ಬಟಾಬಯಲು ಬಿಸಿಲು. ಮಂಡ್ಯದ ಹತ್ತಿರ ಬರುತ್ತಲೇ ಭಾವ ಕಿಟಕಿಗೆ ಮೂಗೊತ್ತಿ ಏನೋ ಹುಡುಕತೊಡಗಿದ. ಮುಂಚೆ ಅವರೂರಿನವರು ಬಸ್ಸಿಗೆ ಕಾಯುತ್ತಿದ್ದ ಹುಣಸೆಮರ, ರಸ್ತೆ ಅಗಲ ಮಾಡುವಾಗ ಹೋಗಿತ್ತು.

"ಅದ್ನೂ ಅಲ್ಲೇ ಎಲ್ಲಾದ್ರೂ ನೇತಾಕಿದ್ರೇನೋ ಕಣೋ," ಎಂದ. "ನಾನೇ ಸರ್ಯಾಗಿ ನೋಡ್ಲಿಲ್ಲ."